ಅಟ್ಟದ ಬಿಸಿ ಮತ್ತು ಗಾಳಿಯ ದಾರಿ: ಒಂದು ಮನೆಯ ಪ್ರಕರಣ ಅಧ್ಯಯನ

ಈ ಮನೆಯವರ ಮುಖ್ಯ ದೂರು ನಡುಹಗಲಿನ ಬಿಸಿಲಿನ ಬಗ್ಗೆ ಇರಲಿಲ್ಲ, ರಾತ್ರಿಯ ಬಿಸಿಯ ಬಗ್ಗೆ ಇತ್ತು. ಹೊತ್ತು ಮುಳುಗಿ ಹೊರಗೆ ಗಾಳಿ ತಂಪಾದ ಮೇಲೂ ಮಲಗುವ ಕೋಣೆಗಳ ಸೀಲಿಂಗ್‌ನಿಂದ ಝಳ ಇಳಿಯುತ್ತಲೇ ಇರುತ್ತಿತ್ತು, ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಮೈಮೇಲೆ ಬೀಳುತ್ತಿತ್ತು. ಚಾವಣಿಯ ಮೇಲೆ ಗಾಳಿಗೆ ತಿರುಗುವ ಟರ್ಬೈನ್ ವೆಂಟ್ ಒಂದು ಆಗಲೇ ಇತ್ತು. ಅದು ಸಾಲದೆಂದು ಭಾವಿಸಿ, ಅಟ್ಟದೊಳಗೆ ದೊಡ್ಡದೊಂದು ವಿದ್ಯುತ್ ಎಕ್ಸಾಸ್ಟ್ ಫ್ಯಾನ್ ಕೂರಿಸಲು ಮನೆಯವರು ಬಹುತೇಕ ತೀರ್ಮಾನಿಸಿದ್ದರು. ಫ್ಯಾನ್ ಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆಯಿಂದ ಈ ಪರಿಶೀಲನೆ ಆರಂಭವಾಯಿತು. ಆದರೆ ಅದಕ್ಕೆ ಉತ್ತರ ಕೊಡಬೇಕಾದರೆ ಅಟ್ಟಕ್ಕೆ ಬಿಸಿ ಬರುವುದು ಹೇಗೆ, ಅಲ್ಲಿಂದ ಕೋಣೆಗೆ ಇಳಿಯುವುದು ಹೇಗೆ, ಇವೆರಡರಲ್ಲಿ ಗಾಳಿಯ ಪಾತ್ರವೆಷ್ಟು ಎಂಬುದನ್ನು ಬೇರೆಬೇರೆಯಾಗಿಯೇ ನೋಡಬೇಕಾಯಿತು.

ಮನೆಯ ಸ್ವರೂಪ

ಇದು ಒಂದೇ ಅಂತಸ್ತಿನ ಮನೆ. ಉದ್ದ 12 ಮೀಟರ್, ಅಗಲ 7.5 ಮೀಟರ್, ಎಂದರೆ ಸೀಲಿಂಗ್‌ನ ವಿಸ್ತೀರ್ಣ 90 ಚದರ ಮೀಟರ್. ಎರಡು ಕಡೆಗೆ ಇಳಿಜಾರಾದ ಚಾವಣಿಯ ಓರೆ ಸುಮಾರು 25 ಡಿಗ್ರಿ. ಮೇಲೆ ಕಡುಬೂದು ಬಣ್ಣದ ಕಾಂಕ್ರೀಟ್ ಹೆಂಚು, ಅದರಡಿ ಮಳೆನೀರು ತಡೆಯುವ ಕಪ್ಪು ಹಾಳೆ, ಅದರ ಕೆಳಗೆ ಮರದ ಪಕಾಸಿಗಳು. ಕೋಣೆಗಳಿಗೆ ಜಿಪ್ಸಮ್ ಬೋರ್ಡಿನ ಸಮತಟ್ಟು ಸೀಲಿಂಗ್ ಇದ್ದು, ನಡುವಿನ ಅಟ್ಟ ನೆತ್ತಿಯ ಬಳಿ 1.75 ಮೀಟರ್ ಎತ್ತರವಿದೆ. ಅದರೊಳಗಿನ ಗಾಳಿಯ ಪ್ರಮಾಣ ಸುಮಾರು 79 ಘನ ಮೀಟರ್. ಸೀಲಿಂಗ್‌ನ ಮೇಲೆ 50 ಮಿಲಿಮೀಟರ್ ದಪ್ಪದ ಹಳೆಯ ನಾರಿನ ಇನ್ಸುಲೇಶನ್ (ಶಾಖ ತಡೆಯುವ ಹೊದಿಕೆ) ಹಾಸಿತ್ತು.

ಕಾಂಕ್ರೀಟ್ ಹೆಂಚು ಎಂಬ ಒಂದು ಸಂಗತಿಯೇ ರಾತ್ರಿಯ ದೂರಿನ ದೊಡ್ಡ ಪಾಲನ್ನು ವಿವರಿಸುತ್ತದೆ. ಇಂಥ ಹೆಂಚಿನ ಚಾವಣಿ ಚದರ ಮೀಟರಿಗೆ ಸುಮಾರು 45 ಕಿಲೋ ತೂಗುತ್ತದೆ. ಈ ಮನೆಯ 100 ಚದರ ಮೀಟರ್ ಇಳಿಜಾರಿನ ಮೇಲೆ ಹೀಗೆ ನಾಲ್ಕೂವರೆ ಟನ್ ಹೆಂಚು ಕೂತಿದೆ. ಅಷ್ಟು ತೂಕದ ಕಾಂಕ್ರೀಟ್ ಮುಂಜಾವಿಗಿಂತ 30 ಡಿಗ್ರಿ ಹೆಚ್ಚು ಕಾದರೆ ಅದರಲ್ಲಿ ಸುಮಾರು 34 ಕಿಲೋವ್ಯಾಟ್ ಗಂಟೆಯಷ್ಟು ಶಾಖ ಕೂಡಿರುತ್ತದೆ. ಬಿಸಿಲು ಇಳಿದ ಮೇಲೆ ಅದರ ಬಹುಪಾಲು ಆಕಾಶಕ್ಕೂ ಹೊರಗಿನ ಗಾಳಿಗೂ ಹೋಗುವುದಾದರೂ, ಉಳಿದ ಪಾಲು ಗಂಟೆಗಟ್ಟಲೆ ಅಟ್ಟದೊಳಕ್ಕೆ ಸೋರುತ್ತಲೇ ಇರುತ್ತದೆ. ತಗಡಿನ ಚಾವಣಿಯಾಗಿದ್ದರೆ ಹೊತ್ತು ಮುಳುಗಿದ ಸ್ವಲ್ಪ ಹೊತ್ತಿನಲ್ಲೇ ಅದು ತಣ್ಣಗಾಗುತ್ತಿತ್ತು, ದೂರಿನ ಸ್ವರೂಪವೂ ಬೇರೆಯಾಗಿರುತ್ತಿತ್ತು. ಚಾವಣಿ ಯಾವ ವಸ್ತುವಿನದು ಎಂದು ಕೇಳದೆ ಅಟ್ಟದ ಬಿಸಿಗೆ ಪರಿಹಾರ ಹೇಳುವವರ ಮಾತನ್ನು ನಂಬಬಾರದು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಅಳತೆ ಮತ್ತು ಅದರ ಎಚ್ಚರಿಕೆಗಳು

ಹೊರಗಿನ ನೆರಳಿನ ತಾಪಮಾನ 36 ಡಿಗ್ರಿ ಸೆಲ್ಸಿಯಸ್ ಇದ್ದ, ಮೋಡವಿಲ್ಲದ ದಿನದ ಮೂರನೆಯ ಜಾವದಲ್ಲಿ ಅಳತೆ ತೆಗೆಯಲಾಯಿತು. ಹೆಂಚಿನಡಿಯ ಕಪ್ಪು ಹಾಳೆಯ ಒಳಮೈ 60 ಡಿಗ್ರಿಯಷ್ಟಿತ್ತು. ನೆತ್ತಿಯ ಬಳಿ ಅಟ್ಟದ ಗಾಳಿ 55, ಇನ್ಸುಲೇಶನ್‌ನ ಮೇಲ್ಮೈ ಸುಮಾರು 50 ಡಿಗ್ರಿ. ಕೋಣೆಯ ಗಾಳಿ 32 ರಿಂದ 33 ಡಿಗ್ರಿಯ ನಡುವೆ ಇತ್ತು. ಸೀಲಿಂಗ್‌ನ ಕೆಳಮೈ ಹೆಚ್ಚಿನ ಕಡೆ 34.5 ಇದ್ದರೂ ಅಲ್ಲಲ್ಲಿ ತೇಪೆ ಹಾಕಿದಂತೆ 41 ಡಿಗ್ರಿ ತೋರಿಸಿತು. ಈ ತೇಪೆಗಳೇ ಮುಂದೆ ಪ್ರಕರಣದ ದಿಕ್ಕನ್ನು ಬದಲಿಸಿದವು.

ಇಂಥ ಅಳತೆಯಲ್ಲಿ ಎರಡು ಕಡೆ ಮೋಸಹೋಗುವ ಸಾಧ್ಯತೆ ಇದೆ. ಬರಿಯ ಥರ್ಮಾಮೀಟರನ್ನು ಅಟ್ಟದಲ್ಲಿ ತೂಗುಹಾಕಿದರೆ ಕಾದ ಚಾವಣಿಯ ವಿಕಿರಣ, ಎಂದರೆ ಗಾಳಿಯ ನೆರವಿಲ್ಲದೆ ಹರಡುವ ಶಾಖ, ನೇರವಾಗಿ ಅದರ ಮೇಲೆ ಬೀಳುವುದರಿಂದ ಅದು ಗಾಳಿಯ ನಿಜವಾದ ತಾಪಮಾನಕ್ಕಿಂತ ಹೆಚ್ಚು ತೋರಿಸುತ್ತದೆ. ಆದ್ದರಿಂದ ಸೆನ್ಸರ್‌ಗೆ ತಗುಲದಂತೆ ಎರಡೂ ತುದಿ ತೆರೆದ, ಹೊರಮೈ ಹೊಳೆಯುವ ಫಾಯಿಲ್ ಕೊಳವೆಯೊಂದನ್ನು ಅದರ ಸುತ್ತ ಕಟ್ಟಬೇಕಾಗುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್‌ನ ತೊಂದರೆ ಇದಕ್ಕೆ ವಿರುದ್ಧವಾದುದು. ಹೊಳೆಯುವ ಮೈಯ ಮೇಲೆ ಗುರಿಯಿಟ್ಟರೆ ಅದು ಆ ಮೈಯ ತಾಪವನ್ನಲ್ಲ, ಅದರಲ್ಲಿ ಪ್ರತಿಫಲಿಸುವ ಬೇರೆ ವಸ್ತುಗಳ ತಾಪವನ್ನು ಓದುತ್ತದೆ. ಅಂಥ ಕಡೆ ಕಪ್ಪು ಟೇಪಿನ ತುಂಡೊಂದನ್ನು ಅಂಟಿಸಿ, ಟೇಪಿನ ತಾಪವನ್ನೇ ಅಳೆಯಬೇಕು.

ಕಣ್ಣಿಗೆ ಕಂಡದ್ದು

ಟಾರ್ಚ್ ಆರಿಸಿ ಅಟ್ಟದೊಳಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಗಾಳಿಕಿಂಡಿಗಳು ತಾವಾಗಿ ಕಾಣಿಸುತ್ತವೆ, ಏಕೆಂದರೆ ಗಾಳಿ ಬರುವ ಕಡೆಯಿಂದ ಸಾಮಾನ್ಯವಾಗಿ ಬೆಳಕೂ ಬರುತ್ತದೆ. ಈ ಅಟ್ಟದಲ್ಲಿ ಸೂರಿನ ಉದ್ದಕ್ಕೂ ಎಲ್ಲಿಯೂ ಬೆಳಕಿನ ಗೆರೆ ಇರಲಿಲ್ಲ. ಹೊರಗಿನಿಂದ ನೋಡಿದಾಗ ಸೂರಿನಡಿಯ ಹಲಗೆಯಲ್ಲಿ ಜಾಲರಿ ಕೂರಿಸಿದ ಕಿಂಡಿಗಳು ಸಾಲಾಗಿಯೇ ಇದ್ದವು. ಆದರೆ ವರ್ಷಗಳಲ್ಲಿ ಬಳಿದ ಬಣ್ಣ ಒಂದರ ಮೇಲೊಂದು ಕೂತು ಜಾಲರಿಯ ಕಣ್ಣುಗಳನ್ನು ಮುಚ್ಚಿಹಾಕಿತ್ತು. ಬಣ್ಣ ಬಿಟ್ಟ ಕಡೆಗಳಲ್ಲಿಯೂ ಒಳಗಿನಿಂದ ಇನ್ಸುಲೇಶನ್ ಗೋಡೆಯ ಅಂಚಿನವರೆಗೆ ಒತ್ತಿಕೊಂಡು ಕಿಂಡಿಯ ಮೇಲೆಯೇ ಕೂತಿತ್ತು. ಎರಡೂ ತುದಿಯ ತ್ರಿಕೋನ ಗೋಡೆಗಳಲ್ಲಿ ಓರೆ ಪಟ್ಟಿಗಳನ್ನು ಜೋಡಿಸಿದ ಲೂವರ್ ಕಿಂಡಿಗಳಿದ್ದವು. ಅವುಗಳ ಒಟ್ಟು ಅಳತೆ 0.24 ಚದರ ಮೀಟರ್ ಇದ್ದರೂ, ಲೂವರ್ ಪಟ್ಟಿಗಳು ಮತ್ತು ಕೀಟ ತಡೆಯುವ ಬಲೆ ಕಳೆದು ಗಾಳಿಗೆ ನಿಜವಾಗಿ ಸಿಗುತ್ತಿದ್ದ ಜಾಗ ಅದರ ಅರ್ಧಕ್ಕಿಂತ ಕಡಿಮೆ. ಗಾಳಿಕಿಂಡಿಯ ಲೆಕ್ಕದಲ್ಲಿ ಎಣಿಕೆಗೆ ಬರುವುದು ಚೌಕಟ್ಟಿನ ಅಳತೆಯಲ್ಲ, ತೂತುಗಳ ನಿವ್ವಳ ಅಳತೆ ಮಾತ್ರ.

ಟರ್ಬೈನ್ ವೆಂಟ್ ಚೆನ್ನಾಗಿಯೇ ತಿರುಗುತ್ತಿತ್ತು. ಹಾಗಾದರೆ ಅದು ಎಳೆಯುತ್ತಿದ್ದ ಗಾಳಿ ಬರುತ್ತಿದ್ದುದು ಎಲ್ಲಿಂದ? ಗಾಳಿ ಬೀಸುತ್ತಿದ್ದ ಹೊತ್ತಿನಲ್ಲಿ ಹೊಗೆಯಾಡುವ ಕಡ್ಡಿಯೊಂದನ್ನು ಹಜಾರದಲ್ಲಿ ಅಟ್ಟ ಹತ್ತುವ ಮುಚ್ಚಳದ ಅಂಚಿಗೆ ಹಿಡಿದಾಗ ನೇರವಾಗಿ ಏಳುತ್ತಿದ್ದ ಹೊಗೆಯ ಎಳೆ ಬಾಗಿ, ಮುಚ್ಚಳದ ಸಂದಿಯೊಳಗೆ ಸರ್ರನೆ ಸೇರಿಕೊಂಡಿತು. ಸೀಲಿಂಗ್‌ನಲ್ಲಿ ಹುದುಗಿಸಿದ್ದ ದೀಪಗಳ ಸುತ್ತಲೂ ಹಾಗೆಯೇ ಆಯಿತು. ಟರ್ಬೈನ್ ಒಂದಷ್ಟು ಗಾಳಿಯನ್ನು ತನಗೆ ಹತ್ತಿರದ ಲೂವರ್‌ನಿಂದ ಎಳೆದು ಹಾಗೆಯೇ ಹೊರಗೆ ಬಿಡುತ್ತಿತ್ತು, ಉಳಿದದ್ದನ್ನು ಕೋಣೆಗಳಿಂದ ಹೀರುತ್ತಿತ್ತು. ಅಟ್ಟದ ಕೆಳಭಾಗದ, ಸೂರಿನ ಬದಿಯ ಗಾಳಿ ಮಾತ್ರ ಕದಲದೆ ಕಾಯುತ್ತಲೇ ಇತ್ತು.

ಫ್ಯಾನ್ ಬೇಡ ಎಂಬ ತೀರ್ಮಾನಕ್ಕೆ ಈ ಹೊಗೆಯ ಪರೀಕ್ಷೆಯೊಂದೇ ಸಾಕಾಯಿತು. ಒಳಬರುವ ದಾರಿ ಮುಚ್ಚಿರುವ ಅಟ್ಟದಲ್ಲಿ ವಿದ್ಯುತ್ ಫ್ಯಾನ್ ಕೂರಿಸಿದರೆ ಅದು ಇದೇ ಸಂದಿಗಳಿಂದ ಕೋಣೆಯ ಗಾಳಿಯನ್ನು ಇನ್ನಷ್ಟು ರಭಸದಿಂದ ಎಳೆಯುತ್ತದೆ. ಎಸಿ ಇರುವ ಮನೆಯಲ್ಲಿ ಖರ್ಚುಮಾಡಿ ತಂಪುಗೊಳಿಸಿದ ಗಾಳಿಯೇ ಹೀಗೆ ಹೊರಹೋಗುತ್ತದೆ. ಅದಕ್ಕಿಂತ ಗಂಭೀರವಾದ ಅಪಾಯವೂ ಇಲ್ಲಿತ್ತು. ಬಚ್ಚಲಿನ ಪಕ್ಕದಲ್ಲಿ, ಮನೆಯೊಳಗಿನ ಓಣಿಯಲ್ಲಿ, ಕೋಣೆಯ ಗಾಳಿಯನ್ನೇ ಬಳಸಿ ಉರಿಯುವ ಗ್ಯಾಸ್ ಗೀಸರ್ ಇತ್ತು. ಮನೆಯೊಳಗಿನ ಒತ್ತಡ ಕುಸಿದರೆ ಗೀಸರ್‌ನ ಹೊಗೆ ತನ್ನ ಕೊಳವೆಯಲ್ಲಿ ಮೇಲೆ ಹೋಗುವ ಬದಲು ಹಿಂದಕ್ಕೆ ಮನೆಯೊಳಗೆ ತಿರುಗಬಹುದು, ಅದರೊಂದಿಗೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಬರಬಹುದು. ಬೆವರು ಕಡಿಮೆ ಮಾಡಿಕೊಳ್ಳಲು ಹೋಗಿ ಜೀವಕ್ಕೆ ಕುತ್ತು ತಂದುಕೊಳ್ಳುವ ಇಂಥ ವ್ಯವಸ್ಥೆಯನ್ನು ಯಾವ ಮನೆಯಲ್ಲಿಯೂ ಮಾಡಕೂಡದು.

ಇವಲ್ಲದೆ ಎರಡು ಸಂಗತಿಗಳು ಗಮನಕ್ಕೆ ಬಂದವು. ಬಚ್ಚಲಿನ ಎಕ್ಸಾಸ್ಟ್ ಕೊಳವೆ ಹೊರಗೆ ಹೋಗದೆ ಅಟ್ಟದೊಳಗೇ ಕೊನೆಗೊಂಡು, ಅದರ ಬಾಯಿಯ ಸುತ್ತ ಇನ್ಸುಲೇಶನ್ ತೇವಗೊಂಡು ಹೆಪ್ಪುಗಟ್ಟಿತ್ತು. ಹಾಗೆಯೇ ವೈರಿಂಗ್ ಕೆಲಸಕ್ಕಾಗಿ ಹತ್ತಿದವರು ಇನ್ಸುಲೇಶನ್ ಸರಿಸಿದ ಕಡೆಗಳಲ್ಲಿ ಅದನ್ನು ಮತ್ತೆ ಹಾಸದೆ ಬಿಟ್ಟಿದ್ದರಿಂದ ಸೀಲಿಂಗ್‌ನ ಸುಮಾರು ಹತ್ತನೆಯ ಒಂದು ಭಾಗ ಬರಿದಾಗಿತ್ತು. ಕೆಳಗಿನಿಂದ 41 ಡಿಗ್ರಿ ತೋರಿಸಿದ ತೇಪೆಗಳು ಇವೇ.

ಲೆಕ್ಕ

ಬರಿದಾದ ಆ ಹತ್ತನೆಯ ಒಂದು ಭಾಗ ಎಷ್ಟು ಮುಖ್ಯ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಅಟ್ಟದ ಕಡೆ 50 ಡಿಗ್ರಿ, ಕೋಣೆಯ ಕಡೆ 32 ಡಿಗ್ರಿ ಎಂದಿಟ್ಟುಕೊಂಡರೆ, 50 ಮಿಲಿಮೀಟರ್ ಇನ್ಸುಲೇಶನ್ ಇರುವ ಕಡೆ ಚದರ ಮೀಟರಿಗೆ ಸುಮಾರು 11 ವ್ಯಾಟ್ ಶಾಖ ಕೆಳಗಿಳಿಯುತ್ತದೆ. ಬರಿಯ ಜಿಪ್ಸಮ್ ಬೋರ್ಡ್ ಇರುವ ಕಡೆ ಸುಮಾರು 53 ವ್ಯಾಟ್. ಹೀಗಾಗಿ ಹಾಸಿದ 81 ಚದರ ಮೀಟರಿನಿಂದ ಸುಮಾರು 900 ವ್ಯಾಟ್ ಇಳಿದರೆ, ಬರಿದಾದ ಕೇವಲ 9 ಚದರ ಮೀಟರಿನಿಂದ 480 ವ್ಯಾಟ್ ಇಳಿಯುತ್ತದೆ. ಸೀಲಿಂಗ್‌ನ ಹತ್ತನೆಯ ಒಂದು ಭಾಗ ಒಟ್ಟು ಶಾಖದ ಮೂರನೆಯ ಒಂದು ಭಾಗವನ್ನು ಒಳಗೆ ಬಿಡುತ್ತಿತ್ತು ಎಂದಾಯಿತು.

ಇನ್ನು ಅಟ್ಟದೊಳಗೆ ಬಿಸಿ ಸಾಗುವ ಬಗೆ. ಕಾದ ಚಾವಣಿಯ ಒಳಮೈಯಿಂದ ಇನ್ಸುಲೇಶನ್‌ಗೆ ಶಾಖ ಬರುವುದು ಮುಖ್ಯವಾಗಿ ಗಾಳಿಯ ಮೂಲಕವಲ್ಲ, ವಿಕಿರಣದ ಮೂಲಕ. ಬಿಸಿಯಾದ ಗಾಳಿ ಹಗುರವಾಗಿ ಚಾವಣಿಯ ಅಡಿಯಲ್ಲೇ ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ವಿಕಿರಣಕ್ಕೆ ಆ ಕಟ್ಟುಪಾಡಿಲ್ಲ. ಚಾವಣಿಯ ಒಳಮೈ 60 ಡಿಗ್ರಿ, ಎದುರಿನ ಮೈ 45 ಡಿಗ್ರಿ ಇದ್ದು ಎರಡೂ ಸಾಮಾನ್ಯ ಹೊಳಪಿಲ್ಲದ ಮೈಗಳಾಗಿದ್ದರೆ ಅವುಗಳ ನಡುವೆ ಚದರ ಮೀಟರಿಗೆ ಸುಮಾರು 95 ವ್ಯಾಟ್ ವಿಕಿರಣ ಹರಿಯುತ್ತದೆ. ಅದೇ ತಾಪಮಾನಗಳಲ್ಲಿ ಒಂದು ಮೈ ಶುಭ್ರವಾದ ಅಲ್ಯೂಮಿನಿಯಂ ಫಾಯಿಲ್ ಆಗಿದ್ದರೆ ಅದು ಸುಮಾರು 6 ವ್ಯಾಟಿಗೆ ಇಳಿಯುತ್ತದೆ. ನಡುವಿನ ಗಾಳಿಯನ್ನು ಎಷ್ಟು ಬಾರಿ ಬದಲಿಸಿದರೂ ಈ ವಿಕಿರಣ ತನ್ನ ಪಾಡಿಗೆ ತಾನು ದಾಟಿಬರುತ್ತದೆ. ಗಾಳಿಯಾಡುವಿಕೆಯಿಂದ ಆಗುವ ಲಾಭ ಬೇರೆ ರೀತಿಯದು. ಹರಿಯುವ ಗಾಳಿ ಚಾವಣಿಯ ಒಳಮೈಯನ್ನೂ ಇನ್ಸುಲೇಶನ್‌ನ ಮೇಲ್ಮೈಯನ್ನೂ ನೇವರಿಸಿಕೊಂಡು ಹೋಗಿ ಎರಡರಿಂದಲೂ ಒಂದಷ್ಟು ಶಾಖವನ್ನು ಒಯ್ಯುತ್ತದೆ, ಸಂಜೆಯ ನಂತರ ಹೆಂಚಿನಿಂದ ಸೋರುವ ಬಿಸಿಯನ್ನು ನಿಲ್ಲಗೊಡುವುದಿಲ್ಲ, ಸೇರಿದ ತೇವವನ್ನು ಹೊರಹಾಕುತ್ತದೆ.

ಕಿಂಡಿಗಳ ಅಳತೆಗೆ ಸಾಮಾನ್ಯವಾಗಿ ಬಳಸುವ ನಿಯಮವೆಂದರೆ ಸೀಲಿಂಗ್ ವಿಸ್ತೀರ್ಣದ 150ರಲ್ಲಿ ಒಂದು ಪಾಲು ನಿವ್ವಳ ತೆರವು. ಕೆಳಗೂ ಮೇಲೂ ಸರಿಯಾಗಿ ಹಂಚಿದ್ದರೆ 300ರಲ್ಲಿ ಒಂದು ಪಾಲು ಸಾಕು ಎಂಬ ವಿನಾಯಿತಿಯೂ ಉಂಟು. ಈ ಅನುಪಾತಗಳು ಮೂಲತಃ ಚಳಿಯ ಪ್ರದೇಶಗಳಲ್ಲಿ ಅಟ್ಟದ ತೇವವನ್ನು ಹೊರಹಾಕಲು ಹುಟ್ಟಿದವು. ಬಿಸಿ ಇಳಿಸುವುದು ಮುಖ್ಯವಾದ ಕಡೆ ಧಾರಾಳವಾದ ಅಳತೆಯನ್ನೇ ಆರಿಸಿಕೊಳ್ಳುವುದು ಮೇಲು. ಅದರಂತೆ ಇಲ್ಲಿ 90ನ್ನು 150ರಿಂದ ಭಾಗಿಸಿ 0.6 ಚದರ ಮೀಟರ್ ಎಂದು ನಿಗದಿ ಮಾಡಿ, ಅರ್ಧವನ್ನು ಸೂರಿಗೂ ಅರ್ಧವನ್ನು ನೆತ್ತಿಗೂ ಹಂಚಲಾಯಿತು. ಎರಡು ಬದಿಯ ಸೂರು ಸೇರಿ 24 ಮೀಟರ್ ಉದ್ದವಿದೆ, 0.3 ಚದರ ಮೀಟರಿಗೆ 12.5 ಮಿಲಿಮೀಟರ್ ಅಗಲದ ನಿರಂತರ ಸೀಳು ಬೇಕು. ಜಾಲರಿ ಅರ್ಧ ಜಾಗವನ್ನು ತಿನ್ನುತ್ತದೆಂದು ಹಿಡಿದರೆ ಸೀಳಿನ ಅಗಲ 25 ಮಿಲಿಮೀಟರ್ ಆಗಬೇಕು.

ಹೊರಗೆ ಗಾಳಿಯೇ ಬೀಸದಿದ್ದರೂ ಇಷ್ಟು ತೆರವು ತಾನಾಗಿ ಕೆಲಸ ಮಾಡುತ್ತದೆ. ಸೂರಿಗೂ ನೆತ್ತಿಗೂ 1.6 ಮೀಟರ್ ಎತ್ತರದ ಅಂತರವಿದ್ದು, ಅಟ್ಟದ ಗಾಳಿ ಹೊರಗಿನದಕ್ಕಿಂತ 10 ಡಿಗ್ರಿ ಬಿಸಿಯಾಗಿದ್ದರೆ, ಬಿಸಿಗಾಳಿಯ ಏರಿಕೆಯಿಂದಲೇ ಗಂಟೆಗೆ ಸುಮಾರು 460 ಘನ ಮೀಟರ್ ಗಾಳಿ ಹರಿಯುತ್ತದೆ. ಅಂದರೆ ಇಡೀ ಅಟ್ಟದ ಗಾಳಿ ಗಂಟೆಗೆ ಐದಾರು ಬಾರಿ ಬದಲಾಗುತ್ತದೆ ಮತ್ತು ಆ ಹರಿವು ಸುಮಾರು ಒಂದೂವರೆ ಕಿಲೋವ್ಯಾಟ್ ಶಾಖವನ್ನು ವಿದ್ಯುತ್ತಿನ ಹಂಗಿಲ್ಲದೆ ಹೊರಗೆ ಒಯ್ಯುತ್ತದೆ. ಅಟ್ಟ ಹೆಚ್ಚು ಕಾದಷ್ಟೂ ಹರಿವೂ ಹೆಚ್ಚುತ್ತದೆ.

ಮೊದಲ ಹಂತ: ಗಾಳಿ

ಕೆಲಸವನ್ನು ಉದ್ದೇಶಪೂರ್ವಕವಾಗಿ ಎರಡು ಹಂತಗಳಲ್ಲಿ ಮಾಡಲಾಯಿತು. ಎಲ್ಲವನ್ನೂ ಒಟ್ಟಿಗೆ ಮಾಡಿದ್ದರೆ ಯಾವುದರಿಂದ ಎಷ್ಟು ಪ್ರಯೋಜನವಾಯಿತೆಂದು ತಿಳಿಯುತ್ತಲೇ ಇರಲಿಲ್ಲ. ಅಟ್ಟದೊಳಗಿನ ಕೆಲಸವೆಲ್ಲ ಬಿಸಿಲೇರುವ ಮುನ್ನ, ಮೂಗಿಗೆ ಮಾಸ್ಕ್ ಹಾಕಿಕೊಂಡು, ತೊಲೆಗಳ ಮೇಲೆ ಅಡ್ಡ ಹಲಗೆ ಇಟ್ಟುಕೊಂಡು ನಡೆಯಿತು. ಜಿಪ್ಸಮ್ ಬೋರ್ಡಿನ ಮೇಲೆ ಕಾಲಿಟ್ಟರೆ ಅದು ಭಾರ ತಡೆಯುವುದಿಲ್ಲ.

ಮೊದಲು ಸೀಲಿಂಗ್‌ನ ಸಂದಿಗಳನ್ನು ಮುಚ್ಚಲಾಯಿತು. ಅಟ್ಟದ ಮುಚ್ಚಳಕ್ಕೆ ರಬ್ಬರ್ ಪಟ್ಟಿ, ಕೊಳವೆ ಮತ್ತು ವೈರುಗಳ ಸುತ್ತ ಸೀಲಂಟ್. ಕಾಯುವ ಹ್ಯಾಲೊಜೆನ್ ದೀಪಗಳ ಬದಲು ಹಿಂಬದಿ ಮುಚ್ಚಿದ ಎಲ್‌ಇಡಿ ದೀಪಗಳು ಬಂದವು. ಬಚ್ಚಲಿನ ಕೊಳವೆಯನ್ನು ಹೊರಗೋಡೆಯವರೆಗೆ ಮುಂದುವರಿಸಲಾಯಿತು. ಬಳಿಕ ಸೂರಿನಡಿಯ ಹಲಗೆಯಲ್ಲಿ ನಿರಂತರ ಸೀಳು ತೆಗೆದು ತುಕ್ಕು ಹಿಡಿಯದ ಜಾಲರಿ ಕೂರಿಸಲಾಯಿತು. ಕಾಡ್ಗಿಚ್ಚಿನ ಕಿಡಿ ಹಾರಿಬರುವ ಭಯವಿರುವ ಕಡೆ ಜಾಲರಿಯ ಕಣ್ಣು 3 ಮಿಲಿಮೀಟರಿಗಿಂತ ದೊಡ್ಡದಿರಬಾರದು. ಇಲ್ಲಿಯೂ ಅದೇ ಅಳತೆಯನ್ನು ಪಾಲಿಸಲಾಯಿತು. ಪ್ರತಿ ಎರಡು ಪಕಾಸಿಗಳ ನಡುವೆ, ಇನ್ಸುಲೇಶನ್ ಮತ್ತೆ ಅಂಚಿಗೆ ಜಾರಿ ಗಾಳಿಯ ದಾರಿ ಕಟ್ಟದಂತೆ, ಬಿರುಸಾದ ಹಾಳೆಯ ತಡೆಯೊಂದನ್ನು ಓರೆಯಾಗಿ ನಿಲ್ಲಿಸಿ ಚಾವಣಿಯಡಿ 50 ಮಿಲಿಮೀಟರ್ ಓಣಿ ಉಳಿಸಲಾಯಿತು. ಈ ಪುಟ್ಟ ತಡೆಯಿಲ್ಲದೆ ತೆಗೆದ ಸೂರಿನ ಸೀಳು ಕೆಲವೇ ವರ್ಷಗಳಲ್ಲಿ ಹೆಸರಿಗೆ ಮಾತ್ರ ಉಳಿಯುತ್ತದೆ.

ನೆತ್ತಿಯಲ್ಲಿ ಹೆಂಚು ಬಿಚ್ಚಿ, ಅಡಿಯ ಹಾಳೆಯನ್ನು ಎರಡೂ ಬದಿ ಕತ್ತರಿಸಿ, ಮಳೆ ಹೊಡೆಯದಂತೆ ಹೊರಗೆ ಎತ್ತರಿಸಿದ ಅಂಚು (ಏಣು) ಇರುವ ಉದ್ದನೆಯ ನೆತ್ತಿಕಿಂಡಿಯನ್ನು ಅಳವಡಿಸಲಾಯಿತು. ಆ ಏಣನ್ನು ಹಾಯುವ ಗಾಳಿ ಅದರ ಹಿಂದೆ ಒತ್ತಡ ತಗ್ಗಿಸಿ ಒಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇದಾದ ಮೇಲೆ ಹಳೆಯ ಟರ್ಬೈನ್ ಮತ್ತು ಎರಡೂ ಲೂವರ್‌ಗಳನ್ನು ಒಳಗಿನಿಂದ ಮುಚ್ಚಿಸಲಾಯಿತು. ಇದ್ದ ಕಿಂಡಿ ಮುಚ್ಚುವುದೇಕೆ ಎಂದು ಮನೆಯವರು ಕೇಳಿದ್ದು ಸಹಜವೇ. ನೆತ್ತಿಕಿಂಡಿಗೆ ಹತ್ತಿರದಲ್ಲೇ ತೆರೆದ ಲೂವರ್ ಇದ್ದರೆ ಅದು ದೂರದ ಸೂರಿನಿಂದ ಗಾಳಿ ಎಳೆಯುವುದನ್ನು ಬಿಟ್ಟು ಪಕ್ಕದ ಲೂವರ್‌ನಿಂದಲೇ ಎಳೆದುಕೊಳ್ಳುತ್ತದೆ, ಮೇಲಿನ ಗಾಳಿ ಮೇಲೆಯೇ ಸುತ್ತುತ್ತದೆ.

ಹೆಚ್ಚುಕಡಿಮೆ ಅಂಥದೇ ಬಿಸಿಲಿನ ದಿನ, ಹೊರಗೆ ಮತ್ತೆ 36 ಡಿಗ್ರಿ ಇದ್ದಾಗ ಅಳೆದರೆ ನೆತ್ತಿಯ ಬಳಿಯ ಗಾಳಿ 55ರಿಂದ 47ಕ್ಕೆ, ಇನ್ಸುಲೇಶನ್‌ನ ಮೇಲ್ಮೈ 50ರಿಂದ 45ಕ್ಕೆ ಇಳಿದಿತ್ತು. ಆದರೆ ಸೀಲಿಂಗ್‌ನ ಕೆಳಮೈಯಲ್ಲಿ ಇಳಿಕೆ ಅಷ್ಟೇನೂ ಇರಲಿಲ್ಲ: ಹಾಸಿದ ಕಡೆ 34.5 ಇದ್ದದ್ದು 34, ಬರಿದಾದ ಕಡೆ 41 ಇದ್ದದ್ದು 39. ಅಟ್ಟಕ್ಕೆ ಹತ್ತಿದವರಿಗೆ ವ್ಯತ್ಯಾಸ ಎದ್ದು ಕಾಣುವಂತಿದ್ದರೂ ಕೆಳಗೆ ಮಲಗುವವರಿಗೆ ಅದರ ಸಣ್ಣ ಪಾಲು ಮಾತ್ರ ತಲುಪಿತು. ರಾತ್ರಿಯ ಹೊತ್ತಿನ ಸುಧಾರಣೆ ಇದಕ್ಕಿಂತ ಉತ್ತಮವಾಗಿತ್ತು. ಹೆಂಚಿನ ಬಿಸಿ ಹರಿಯುವ ಗಾಳಿಯೊಂದಿಗೆ ಹೊರಟುಹೋಗುತ್ತಿದ್ದುದರಿಂದ ಅಟ್ಟ ಮೊದಲಿಗಿಂತ ಬೇಗ ಹೊರಗಿನ ತಾಪಕ್ಕೆ ಸಮನಾಗುತ್ತಿತ್ತು.

ಎರಡನೆಯ ಹಂತ: ಫಾಯಿಲ್ ಮತ್ತು ಇನ್ಸುಲೇಶನ್

ಪಕಾಸಿಗಳ ಕೆಳಅಂಚಿಗೆ ಫಾಯಿಲ್ ಹಾಳೆಯನ್ನು ಹೊಳೆಯುವ ಮೈ ಕೆಳಗಿರುವಂತೆ ಪಿನ್ ಹೊಡೆದು ನಿಲ್ಲಿಸಲಾಯಿತು. ಹೊಳೆಯುವ ಮೈ ಮೇಲಿದ್ದರೆ ಧೂಳು ಕೂತು ವರ್ಷಗಳಲ್ಲಿ ಅದರ ಗುಣ ಕೆಡುತ್ತದೆ, ಕೆಳಗಿದ್ದರೆ ಧೂಳು ನಿಲ್ಲುವುದಿಲ್ಲ. ಫಾಯಿಲ್ ಯಾವುದಕ್ಕಾದರೂ ಒತ್ತಿಕೊಂಡಿದ್ದರೆ ಪ್ರಯೋಜನವಿಲ್ಲ. ಹೊಳೆಯುವ ಮೈಯ ಮುಂದೆ ಗಾಳಿಯ ತೆರವು ಇರಲೇಬೇಕು. ಸೂರಿನ ಬಳಿಯೂ ನೆತ್ತಿಯ ಬಳಿಯೂ ಹಾಳೆಯನ್ನು ಒಂದು ಗೇಣಿಗಿಂತ ಕಡಿಮೆ ತೆರವು ಬಿಟ್ಟು ಮುಗಿಸಿದ್ದರಿಂದ, ಸೂರಿನಿಂದ ಬಂದ ಗಾಳಿಯ ಒಂದು ಪಾಲು ಹಾಳೆಯ ಹಿಂದಿನ ಓಣಿಯಲ್ಲಿ, ಕಾದ ಚಾವಣಿಯನ್ನು ಸವರಿಕೊಂಡೇ ನೆತ್ತಿಗೆ ಏರುತ್ತದೆ. ಗಾಳಿಯ ದಾರಿ ಮತ್ತು ಫಾಯಿಲ್ ಒಂದಕ್ಕೊಂದು ನೆರವಾಗುವುದು ಇಲ್ಲಿಯೇ.

ತೇವಗೊಂಡ ಹಳೆಯ ಇನ್ಸುಲೇಶನ್ ತೆಗೆದುಹಾಕಿ, ಬರಿದಾದ ಕಡೆಗಳನ್ನು ತುಂಬಿ, ಇಡೀ ಸೀಲಿಂಗ್‌ನ ಮೇಲೆ ಇನ್ನೂ 100 ಮಿಲಿಮೀಟರ್ ದಪ್ಪದ ಪದರವನ್ನು ತೊಲೆಗಳಿಗೆ ಅಡ್ಡವಾಗಿ ಹಾಸಲಾಯಿತು. ಅದಕ್ಕೂ ಮೊದಲು ಎಲೆಕ್ಟ್ರಿಷಿಯನ್ ಒಬ್ಬರಿಂದ ವೈರಿಂಗ್ ಪರಿಶೀಲನೆ ಆಯಿತು. ಇನ್ಸುಲೇಶನ್‌ನಡಿ ಹುದುಗಿದ ವೈರಿನ ಬಿಸಿ ಹೊರಹೋಗದೆ ಅದರ ಸಾಮರ್ಥ್ಯ ತಗ್ಗುವುದರಿಂದ, ಹೆಚ್ಚು ಕರೆಂಟ್ ಹೊರುವ ವೈರುಗಳನ್ನು ಮೇಲಕ್ಕೆತ್ತಿ ತೊಲೆಗಳಿಗೆ ಕಟ್ಟಲಾಯಿತು.

ಇಷ್ಟಾದ ಮೇಲೆ ಇನ್ಸುಲೇಶನ್‌ನ ಮೇಲ್ಮೈ ಸುಮಾರು 41 ಡಿಗ್ರಿಗೆ ಇಳಿಯಿತು. ಸೀಲಿಂಗ್‌ನ ಕೆಳಮೈ ಎಲ್ಲೆಡೆ ಒಂದೇ ಸಮನಾಗಿ, ಕೋಣೆಯ ಗಾಳಿಗಿಂತ ಅರ್ಧ ಡಿಗ್ರಿಯಷ್ಟೇ ಹೆಚ್ಚಾಗಿತ್ತು. ಲೆಕ್ಕದ ಪ್ರಕಾರ ಸೀಲಿಂಗ್‌ನ ಮೂಲಕ ಇಳಿಯುವ ಶಾಖ ಮೊದಲಿನ 1.4 ಕಿಲೋವ್ಯಾಟ್‌ನಿಂದ ಕಾಲು ಕಿಲೋವ್ಯಾಟ್‌ಗಿಂತ ಕೆಳಗೆ ಬಂದಿತ್ತು. ರಾತ್ರಿ ಫ್ಯಾನ್ ಹಾಕಿದರೆ ಈಗ ಕಿಟಕಿಯಿಂದ ಬಂದ ತಂಪೇ ಮೈಗೆ ತಾಗುತ್ತದೆ.

ಬೇರೆ ಮನೆಗಳಿಗೆ ಹೊಂದಿಸುವಾಗ

ಈ ಅನುಕ್ರಮ ಎಲ್ಲ ಮನೆಗೂ ಹಾಗೆಯೇ ಒಪ್ಪುವುದಿಲ್ಲ. ಹೊರಗಿನ ಗಾಳಿ ಸದಾ ತೇವದಿಂದ ಕೂಡಿದ್ದು, ಎಸಿಯ ತಂಪು ಕೊಳವೆಗಳು ಅಟ್ಟದ ಮೂಲಕವೇ ಹಾದುಹೋಗುವ ಮನೆಗಳಲ್ಲಿ, ಧಾರಾಳವಾಗಿ ಬಿಟ್ಟ ಗಾಳಿಯೇ ತೇವವನ್ನು ತಂದು ಆ ಕೊಳವೆಗಳ ಮೇಲೆ ನೀರಾಗಿ ಇಳಿಸಬಹುದು. ಅಂಥ ಕಡೆ ಕೊಳವೆಗಳ ಹೊದಿಕೆಯನ್ನು ಮೊದಲು ಗಟ್ಟಿಮಾಡಬೇಕು, ಇಲ್ಲವೇ ಚಾವಣಿಯ ಇಳಿಜಾರಿಗೇ ಇನ್ಸುಲೇಶನ್ ಕೊಟ್ಟು ಅಟ್ಟವನ್ನು ಪೂರ್ತಿಯಾಗಿ ಮುಚ್ಚುವ ಬೇರೆಯದೇ ವಿಧಾನವನ್ನು ಯೋಚಿಸಬೇಕು. ಚಾವಣಿಗೆ ಹೇಗೂ ಬಣ್ಣ ಬಳಿಯುವ ಕಾಲ ಬಂದಿದ್ದರೆ ಆರಂಭ ಮಾಡಬೇಕಾದದ್ದು ಅಲ್ಲಿಂದಲೇ. ಚದರ ಮೀಟರಿಗೆ 900 ವ್ಯಾಟ್ ಬಿಸಿಲು ಬೀಳುವಾಗ ಕಡುಬಣ್ಣದ ಹೆಂಚು ಸುಮಾರು 765 ವ್ಯಾಟ್ ಹೀರಿದರೆ, ಬಿದ್ದ ಬಿಸಿಲಿನ ನೂರರಲ್ಲಿ ಮೂವತ್ತು ಪಾಲನ್ನಷ್ಟೇ ಹೀರುವ ಬಿಳಿಯ ಲೇಪ 270 ವ್ಯಾಟ್ ಹೀರುತ್ತದೆ. ಒಳಬಂದ ಬಿಸಿಯನ್ನು ಓಡಿಸುವುದಕ್ಕಿಂತ ಬರದಂತೆ ತಡೆಯುವುದು ಸುಲಭ. ಈ ಮನೆಯಲ್ಲಿ ಹೆಂಚಿನ ಬಣ್ಣ ಬದಲಿಸಲು ಸದ್ಯಕ್ಕೆ ಒಪ್ಪಿಗೆ ಸಿಗಲಿಲ್ಲವಾದ್ದರಿಂದ ಅದನ್ನು ಮುಂದಿನ ಬಾರಿಗೆ ಬಿಡಲಾಗಿದೆ.

ಸೂರಿನ ಜಾಲರಿಯನ್ನು ವರ್ಷಕ್ಕೊಮ್ಮೆ ಒಣಬ್ರಷ್‌ನಿಂದ ತಿಕ್ಕಿ, ಬಣ್ಣ ಬಳಿಯುವವರು ಬಂದಾಗ ಟೇಪಿನಿಂದ ಮರೆಮಾಡಿಸಿ, ಕೆಲಸ ಮುಗಿದ ಕೂಡಲೆ ಟೇಪನ್ನು ತೆಗೆಸಬೇಕೆಂದು ಮನೆಯವರಿಗೆ ಬರೆದುಕೊಡಲಾಗಿದೆ. ಗಾಳಿಯೊಂದಿಗೆ ಬಂದ ಮೊದಲ ಜೋರು ಮಳೆಯ ಮರುದಿನ ನೆತ್ತಿಯಡಿಯ ಮರವನ್ನು ಮುಟ್ಟಿ ನೋಡಿದಾಗ ಅದು ಒಣಗಿಯೇ ಇತ್ತು. ಪಶ್ಚಿಮದ ಕೋಣೆಯಲ್ಲಿ ಮಾತ್ರ ಸಂಜೆಯ ಬಿಸಿ ಪೂರ್ತಿಯಾಗಿ ಹೋಗಿಲ್ಲ. ಅಲ್ಲಿ ಸೀಲಿಂಗ್ ತಣ್ಣಗಿದ್ದರೂ ಹೊರಗೋಡೆಯ ಒಳಮೈ 36 ಡಿಗ್ರಿ ತೋರಿಸುತ್ತದೆ, ಇಳಿಹೊತ್ತಿನ ಬಿಸಿಲು ಗಾಜಿನ ಕಿಟಕಿಯಿಂದ ನೇರವಾಗಿ ನೆಲದ ಮೇಲೆ ಬೀಳುತ್ತದೆ. ಅಟ್ಟದಲ್ಲಿ ಇನ್ನೇನು ಮಾಡಿದರೂ ಆ ಕೋಣೆಗೆ ಉಪಯೋಗವಾಗದು. ಕಿಟಕಿಯ ಹೊರಗೆ ಬಿಸಿಲುಮರೆ ಕಟ್ಟಿಸುವುದು ಅಲ್ಲಿಯ ಮುಂದಿನ ಕೆಲಸ.